ಗುಬ್ಬಿ ಪಾಲು

ಇವತ್ತು ಸಂಜೆ ನಮ್ಮ ಓಣಿಯಲ್ಲಿ ಯಾರೋ ಸೀತನಿ ಸುಟ್ಟರು. ಜೇವರ್ಗಿ ಈಗ ಮೊದಲಿನ ಊರಲ್ಲ. ಬಸ್ಸು, ಲಾರಿ, ಧೂಳು ಎಲ್ಲ ಇದೆ. ಆದರೂ ಆ ವಾಸನೆ ಎಲ್ಲವನ್ನೂ ದಾಟಿಕೊಂಡು ನೇರವಾಗಿ ನನ್ನ ಅಡಿಗೆಮನೆಗೆ ಬಂತು. ಸೀತನಿ ಗೊತ್ತಲ್ಲ ನಿಮಗೆ? ಹಾಲುಗಾಳಿನ ಜೋಳದ ತೆನೆಯನ್ನು ಕುಳ್ಳಿನ, ಅಂದರೆ ಬೆರಣಿಯ, ಕೆಂಡದಲ್ಲಿ ಸುಟ್ಟು, ಕಂಬಳಿಯಲ್ಲಿ ಹಾಕಿ ತಿಕ್ಕಿ, ಹೊಟ್ಟು ಹಾರಿಸಿ, ಬಿಸಿ ಇರುವಾಗಲೇ ಬೆಲ್ಲವೋ ಶೇಂಗಾ ಹಿಂಡಿಯೋ ಜೊತೆಗಿಟ್ಟುಕೊಂಡು ತಿನ್ನುವುದು. ಗೊತ್ತಿಲ್ಲದವರು ಚಳಿಗಾಲದಲ್ಲಿ ಒಮ್ಮೆ ನಮ್ಮ ಕಡೆ ಬನ್ನಿ. ಹೇಳಿ ತಿಳಿಸುವ ಪದಾರ್ಥ ಅದಲ್ಲ.

ವಾಸನೆ ಬಂದಾಗ ನಾನು ಅಡಿಗೆಮನೆಯ ಕಿಟಕಿಯಲ್ಲಿ ನಿಂತು ನನ್ನ ಮಗನನ್ನು ಕೂಗುವುದರಲ್ಲಿದ್ದೆ. ಮಗ ಎಂದರೆ ಸಣ್ಣವನೆಂದುಕೊಳ್ಳಬೇಡಿ. ಇಲ್ಲಿಯ ದನದ ದವಾಖಾನಿಯಲ್ಲಿ ಕಂಪೌಂಡರ್ ಆಗಿ ದುಡಿದು, ನಿವೃತ್ತನಾಗಿ, ತಲೆಯೆಲ್ಲ ಬೆಳ್ಳಗಾದವನು. ಹೆಸರು ಮಲ್ಲಿನಾಥ. ನನಗೆ ಮಾತ್ರ ಇನ್ನೂ ಮಲ್ಲು. ದೀಪಾವಳಿ ಕಳೆದ ವಾರದಲ್ಲಿ ಅವನ ಹೆಂಡತಿ ಶಾಂತಾ ತೀರಿಕೊಂಡಳು. ಅಂದಿನಿಂದ ಅವನು ಹಿತ್ತಲಿನ ನುಗ್ಗೆ ಗಿಡದ ಕೆಳಗಿನ ಕಲ್ಲಿನ ಮೇಲೆ ಕುಳಿತವನು ಕುಳಿತೇ ಇದ್ದಾನೆ. ಅಳಲಿಲ್ಲ. ಮಾತಾಡುವುದಿಲ್ಲ. ಕರೆದರೆ ಬಂದು ಅರ್ಧ ರೊಟ್ಟಿ ಮುರಿದು ಮತ್ತೆ ಅಲ್ಲಿಗೇ ಹೋಗುತ್ತಾನೆ. ಮೊನ್ನೆ ಅವನ ಅಂಗಿಯ ಕೊರಳಲ್ಲಿ ಮೂಳೆ ಕಂಡಿತು. ಇವನನ್ನು ಕಳೆದುಕೊಳ್ಳುತ್ತಿದ್ದೇನೆ ಎಂಬ ಭಯ ನನಗೆ ಹಗಲಿಡೀ ಇರುತ್ತದೆ. ಭಯವಾದಾಗ ನಾನು ಏನು ಮಾಡುತ್ತೇನೆ? ಕೂಗುತ್ತೇನೆ. ಅದೊಂದೇ ನನಗೆ ಬರುವುದು.

"ಮಲ್ಲೋ..." ಎಂದು ಶುರು ಮಾಡಿದವಳಿಗೆ ಆ ವಾಸನೆ ಮೂಗಿಗೆ ಬಡಿದು, ಕೂಗು ಗಂಟಲಲ್ಲೇ ನಿಂತಿತು. ಯಾಕೆ ನಿಂತಿತು ಎಂದು ಹೇಳಬೇಕಾದರೆ ನಿಮ್ಮನ್ನು ಸ್ವಲ್ಪ ದೂರ ಕರೆದುಕೊಂಡು ಹೋಗಬೇಕಾಗುತ್ತದೆ.

ಮೊದಲು ನನ್ನ ಗಂಟಲಿನ ವಿಷಯ. ನಾನು ಹುಟ್ಟಿದ್ದು ಆಳಂದ ತಾಲೂಕಿನ ಮಟಕಿಯಲ್ಲಿ. ನಮ್ಮ ಮನೆ ಊರ ಅಂಚಿಗಿತ್ತು. ಹೊಲ ಕಣ್ಣಿಗೆ ಕಾಣುವಷ್ಟು ದೂರ. ಉಣ್ಣುವ ಹೊತ್ತಿಗೆ ಅಂಗಳದಲ್ಲಿ ನಿಂತು ಅಣ್ಣಂದಿರನ್ನು ಕೂಗುವುದು ನನ್ನ ಕೆಲಸ. ಆ ಕೆಲಸದಲ್ಲಿ ನನ್ನ ಗಂಟಲು ಪಳಗಿತು. ನಾನು ಅಣ್ಣನನ್ನು ಕೂಗಿದರೆ ಪಕ್ಕದ ಹೊಲದವರೂ ಬುತ್ತಿ ಬಿಚ್ಚುತ್ತಿದ್ದರು ಎಂದು ನಮ್ಮಪ್ಪ ತಮಾಷೆ ಮಾಡುತ್ತಿದ್ದ. ನನಗೂ ಒಳಗೊಳಗೆ ಹೆಮ್ಮೆಯೇ. ರೂಪ, ಬಣ್ಣ ಹೇಳಿಕೊಳ್ಳುವಂಥದ್ದಲ್ಲದ ಹುಡುಗಿಗೆ ಏನಾದರೂ ಒಂದು ಬೇಕಲ್ಲ.

ಆ ಗಂಟಲನ್ನು ಕಟ್ಟಿಕೊಂಡು ಅಫಜಲಪುರ ತಾಲೂಕಿನ ಕರಜಗಿಗೆ ಸೊಸೆಯಾಗಿ ಹೋದೆ. ಹೋದ ಮರುದಿನ ಬೆಳಗ್ಗೆ ಎಮ್ಮೆ ಕಣ್ಣಿ ಕಿತ್ತುಕೊಂಡಿತೆಂದು ಒಂದೇ ಒಂದು ಕೂಗು ಹಾಕಿದೆ. ಓಣಿಯ ಮಂದಿಯೆಲ್ಲ ಏನೋ ಆಯಿತೆಂದು ಬಾಗಿಲಿಗೆ ಬಂದು ನಿಂತರು. ನಮ್ಮತ್ತೆ ಒಳಗಿನಿಂದ ಬಂದು, ಎಮ್ಮೆಯ ಕೊರಳ ಮೇಲೆ ಕೈಯಿಟ್ಟು, ನನ್ನ ಕಡೆ ತಿರುಗದೆಯೇ ಹೇಳಿದರು: "ಈ ಊರಾಗ ಯಾರೂ ಕಿವುಡ್ರಿಲ್ಲ ಬೇ."

ಸಿಟ್ಟಿನಿಂದ ಎಷ್ಟೋ ದಿನ ನಾನು ಅವರ ಜೊತೆ ಮಾತು ಬಿಟ್ಟೆ. ಅವರಿಗೆ ಅದು ಗೊತ್ತೇ ಆಗಲಿಲ್ಲ. ಅವರು ಮಾತಾಡುತ್ತಿದ್ದುದೇ ಅಷ್ಟು ಕಡಿಮೆ. ಆಡಿದ ಮಾತೂ ಪಕ್ಕದಲ್ಲಿ ಕುಳಿತವರಿಗೆ ಮಾತ್ರ ಕೇಳುವಷ್ಟು. ಇಂಥ ಅತ್ತೆಗೆ ಇಂಥ ಸೊಸೆ! ದೇವರು ಬೇಕೆಂದೇ ಮಾಡಿದ್ದಿರಬೇಕು.

ಅತ್ತೆಯದು ಇನ್ನೊಂದು ಪದ್ಧತಿ ಇತ್ತು. ಹೊಲದ ಮೂಡಲ ಮೂಲೆಯಲ್ಲಿ ಜೋಳದ ಒಂದಿಷ್ಟು ಸಾಲನ್ನು ಅವರು ಹಕ್ಕಿಗಳಿಗೆಂದು ಬಿಡುತ್ತಿದ್ದರು. ಅದಕ್ಕೆ ಗುಬ್ಬಿ ಪಾಲು ಎಂದು ಹೆಸರು. ಒಡೆದ ಗಡಿಗೆಯ ತಳದಲ್ಲಿ ಅಲ್ಲಿ ನೀರು ಇಡುವರು. ಉಳಿದ ಹೊಲದಲ್ಲೆಲ್ಲ ಮಾವನವರು ಹಕ್ಕಿ ಕಾಯಲು ಕಟ್ಟಿದ ಅಟ್ಟದ ಮೇಲೆ ನಿಂತು "ಹೋಽಽ" ಎಂದು ಕೂಗುತ್ತ, ಕವಣೆ ಬೀಸಿ ಹಕ್ಕಿ ಓಡಿಸುತ್ತಿದ್ದರು. ಆ ಮೂಲೆಯ ಕಡೆ ಮಾತ್ರ ಕವಣೆ ತಿರುಗಬಾರದು, ಕೂಗು ಹೋಗಬಾರದು. ಅತ್ತೆಯ ಕಟ್ಟಪ್ಪಣೆ ಒಂದೇ ಮಾತಿನದು: "ಅಲ್ಲಿ ಹೋ ಅನ್ನಂಗಿಲ್ಲ."

ಅದು ಅರವತ್ತೈದರ ಯುದ್ಧದ ಕಾಲ. ಬೆಳೆದದ್ದರಲ್ಲಿ ಸರ್ಕಾರದ ಪಾಲು ಅಳೆದು ಲೆವಿ ಕೊಡಿ ಎಂದು ಸರ್ಕಾರದ ಮಂದಿ ಬರುತ್ತಿದ್ದ ದಿನಗಳು. ಅಂಥದರಲ್ಲಿ ಬೆಳೆದದ್ದನ್ನು ಗುಬ್ಬಿಗೆ ಬಿಡುವುದು ನನಗೆ ಶುದ್ಧ ಹುಚ್ಚಾಗಿ ಕಂಡಿತು. ಒಮ್ಮೆ ತಡೆಯಲಾರದೆ ಕೇಳಿಯೂಬಿಟ್ಟೆ. "ಇದು ನಮ್ಮ ಪಾಲು, ಅದು ನಿಮ್ಮ ಪಾಲು ಅಂತ ಗುಬ್ಬಿಗೇನ್ ಗೊತ್ತಾಗ್ತದರಿ ಅತ್ತಿ?"

"ಗೊತ್ತಾಗ್ತದ. ಎಲ್ಲಿ ಹೆದರಸಂಗಿಲ್ಲ ಅಲ್ಲಿ ಬಂದು ಕುಂಡ್ರತಾವ" ಎಂದರು. ನಾನು ಮೂತಿ ತಿರುಗಿಸಿಕೊಂಡು ಕಳೆ ತೆಗೆಯಲು ಹೋದೆ.

ಮಲ್ಲು ಮಾತ್ರ ಅವನ ಆಯಿಯ, ಅಂದರೆ ನಮ್ಮತ್ತೆಯ, ಪಕ್ಕಾ ಶಿಷ್ಯ. ನಾಲ್ಕು ತುಂಬಿದ ಹುಡುಗ. ದಿನಾ ಬೆಳಗ್ಗೆ ಅವರ ಬೆರಳು ಹಿಡಿದುಕೊಂಡು ಹೋಗಿ ಗುಬ್ಬಿ ಪಾಲಿನ ಗಡಿಗೆತಳಕ್ಕೆ ನೀರು ಹಾಕಿ ಬರುವನು. ಆ ಮೂಲೆಯೊಳಗೆ ಕಾಲಿಟ್ಟ ಕೂಡಲೇ ಇಬ್ಬರೂ ಪಿಸುಮಾತಿಗೆ ಇಳಿಯುವರು. ಮನೆಗೆ ಬಂದ ಮೇಲೂ ಪಿಸುಮಾತೇ. ನನ್ನ ಮಗ ನನ್ನ ಗಂಟಲು ಬಿಟ್ಟು ಅತ್ತೆಯ ಗಂಟಲು ಹಿಡಿಯುತ್ತಾನಲ್ಲ ಎಂದು ನನಗೆ ಹೊಟ್ಟೆಕಿಚ್ಚು.

ಆ ವರ್ಷದ ಸೀತನಿಯ ದಿನ. ಬೀಗರು, ಓಣಿಯವರು, ಆಳುಮಂದಿ ಎಲ್ಲ ಸೇರಿ ಹೊಲ ತುಂಬಿತ್ತು. ಜೋಳ ಆಳು ಮೀರಿ ಬೆಳೆದಿತ್ತು. ಒಳಗೆ ಹೊಕ್ಕರೆ ದೊಡ್ಡವರೇ ಕಾಣುತ್ತಿರಲಿಲ್ಲ. ಹೊಲದ ನಡುವೆ ಒಂದು ಬಾವಿ. ಕಟ್ಟೆ ಇಲ್ಲ, ಒಂದು ಮಗ್ಗುಲಿಗೆ ಮೆಟ್ಟಿಲು, ಉಳಿದ ಮೂರು ಕಡೆ ಜೋಳ ಅಂಚಿನ ತನಕ ನಿಂತಿದೆ. ಪೈರು ಇಲ್ಲದಾಗ ಅದು ಎಲ್ಲರಿಗೂ ಕಾಣುವ ಬಾವಿ. ಪೈರು ನಿಂತಾಗ ಅದು ಅಲ್ಲಿದೆ ಎಂದು ಗೊತ್ತಿದ್ದವರಿಗೆ ಮಾತ್ರ ಗೊತ್ತು.

ಮಧ್ಯಾಹ್ನ ಮಾವನವರು ಅಟ್ಟದ ಮೇಲಿಂದ ಮೊಮ್ಮಗನಿಗೆ ಒಂದು ಆಟ ಕಲಿಸಿದರು. "ಮಲ್ಲ್ಯಾ, ನೀ ಗುಬ್ಬಿ. ನಾ ಹೋಽಽ ಅಂದ್ರ ಹಾರಿ ಹೋಗ್ಬೇಕು ನೋಡು. ಹಿಂದ ನೋಡಂಗಿಲ್ಲ!" ಅವರು ಹೋಽಽ ಎಂದರೆ ಇವನು ಕೈ ಎರಡೂ ಚಾಚಿ ಸಾಲಿನೊಳಗೆ ಓಡುವನು. ಸುಮ್ಮನಾದರೆ ಮರಳಿ ಬರುವನು. ನೋಡಿ ಎಲ್ಲರೂ ನಕ್ಕೆವು. ನಾನಂತೂ ಎಲ್ಲರಿಗಿಂತ ಜೋರಾಗಿ ನಕ್ಕೆ.

ಆಮೇಲೆ ತೆನೆ ಸುಡುವುದು, ತಿಕ್ಕುವುದು, ಕೇರುವುದು. ಗಂಡಸರನ್ನು ಕೂರಿಸಿ ಬಡಿಸುವುದು. ನಾನು ಹೊಗೆಯಲ್ಲಿ ಕಣ್ಣು ಉಜ್ಜಿಕೊಳ್ಳುತ್ತ ಮಲ್ಲುವಿಗೆಂದು ಒಂದು ಹಿಡಿ ತೆಗೆದಿಟ್ಟು ನೋಡುತ್ತೇನೆ, ಹುಡುಗ ಇಲ್ಲ. ಆಯಿಯ ಹತ್ತಿರ ಇದ್ದಾನೆಂದು ನಾನು ತಿಳಿದಿದ್ದೆ. ನನ್ನ ಹತ್ತಿರ ಇದ್ದಾನೆಂದು ಅವರು ತಿಳಿದಿದ್ದರು. ಅಟ್ಟದ ಮೇಲೆ ಇದ್ದಾನೇನೋ ಎಂದರೆ ಮಾವನವರು ಊಟಕ್ಕೆ ಇಳಿದು ಎಷ್ಟೋ ಹೊತ್ತಾಗಿತ್ತು.

"ಮಲ್ಲೋಽಽ!"

ನನ್ನ ಮೊದಲ ಕೂಗು. ಉಣ್ಣುತ್ತಿದ್ದವರು ಎದ್ದು ನಿಂತರು. ನಮ್ಮ ಮನೆಯವರು, ಮಲ್ಲುವಿನ ಅಪ್ಪ, ಕೈ ತೊಳೆಯದೆ ಜೋಳದೊಳಗೆ ನುಗ್ಗಿದರು. ಅವರ ಹಿಂದೆ ಬೀಗರು, ಆಳುಗಳು, ಹೆಂಗಸರು, ಎಲ್ಲರೂ ಒಂದೊಂದು ಕಡೆಯಿಂದ ಒಳಗೆ ಹೊಕ್ಕರು. ನಾಲ್ಕೂ ದಿಕ್ಕಿನಿಂದ ಕೂಗು ಎದ್ದಿತು. "ಮಲ್ಲೋಽಽ! ಏ ಮಲ್ಲೋಽಽ!" ನಾನು ಸೆರಗು ಸೊಂಟಕ್ಕೆ ಸಿಕ್ಕಿಸಿ ಓಡಿದೆ. ಎಲೆಯ ಅಂಚು ಮುಖಕ್ಕೆ ಕೊಯ್ಯುತ್ತಿತ್ತು. ಮುಂದೆ ಅಲುಗಾಡಿದ್ದು ಕಂಡರೆ ಮಗನೆಂದು ಓಡುವುದು, ಹೋಗಿ ನೋಡಿದರೆ ಇನ್ನೊಬ್ಬರು ಅವನನ್ನೇ ಹುಡುಕುತ್ತ ನಿಂತಿರುವುದು. ಮಾವನವರು ಅಟ್ಟ ಹತ್ತಿ ಕೂಗಿ ಹೇಳುತ್ತಿದ್ದರು: "ಅಲ್ಲಿ ಅಳ್ಳಾಡಾಕತ್ತದ ನೋಡ್ರಿ! ಅಲ್ಲಲ್ಲ, ಈ ಕಡಿ! ಏ, ಬಾವಿ ಮಗ್ಗಲಾಗ ಯಾರ್ ಅದೀರಿ?" ಇಡೀ ಹೊಲವೇ ಅಲುಗಾಡುತ್ತಿದ್ದಾಗ ಅವರು ಏನೆಂದು ನೋಡಬೇಕು?

ಹೊತ್ತು ಇಳಿಯುತ್ತಿತ್ತು. ಭೀಮಾ ಹೊಳೆಯ ಕಡೆಯಿಂದ ಆ ವರ್ಷ ತೋಳ ಬರುತ್ತವೆಂಬ ಸುದ್ದಿ ಬೇರೆ. ಅದನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ; ನನ್ನ ಮುಖ ನೋಡಿ ನುಂಗಿಕೊಂಡರು.

ಆಗ ಒಬ್ಬ ಆಳು ಒಂದು ಕೆಂಪು ಕುಲಾಯಿ ಹಿಡಿದುಕೊಂಡು ಬಂದ. ಮಲ್ಲುವಿನ ಕಿವಿಗೆ ಚಳಿ ಹತ್ತಬಾರದೆಂದು ಬೆಳಗ್ಗೆ ನಾನೇ ಕಟ್ಟಿದ್ದು.

"ಎಲ್ಲಿ ಸಿಕ್ತು?"

ಅವನು ನನಗೆ ಉತ್ತರ ಕೊಡಲಿಲ್ಲ. ನಮ್ಮ ಮನೆಯವರ ಕಡೆ ತಿರುಗಿ, "ಬಾವಿ ಕಡಿ ಸಾಲಿನಾಗ್ರಿ" ಎಂದ.

ಮನೆಯವರು ಒಂದು ಮಾತೂ ಆಡದೆ ಓಡಿದರು. ಸ್ವಲ್ಪ ಹೊತ್ತಿಗೆ ಅವರು ನೀರಿಗೆ ಧುಮುಕಿದ ಸದ್ದು ಕೇಳಿತು. ಆ ಸದ್ದು ಈ ವಯಸ್ಸಿನಲ್ಲೂ ನನಗೆ ಒಮ್ಮೊಮ್ಮೆ ಕೇಳುತ್ತದೆ. ನಾನು ಬಾವಿಯ ಕಡೆಗೂ ಹೋಗಲಾರದೆ, ನಿಲ್ಲಲೂ ಆರದೆ, ಆ ಸಾಲಿನ ನಡುವೆ ನಿಂತು ಇದ್ದಷ್ಟೂ ಗಂಟಲು ತೆರೆದು ಕೂಗಿದೆ. ಜೀವ ಇದ್ದರೆ ಕೇಳಿಯೇ ಕೇಳುತ್ತಾನೆ, ನನ್ನ ಕೂಗು ಕೇಳದವರು ಯಾರಿದ್ದಾರೆ ಎಂಬ ಧೈರ್ಯ ನನ್ನದು.

ಯಾರೋ ನನ್ನ ಸೆರಗು ಜಗ್ಗಿದರು. ತಿರುಗಿ ನೋಡಿದರೆ ಅತ್ತೆ. ನನ್ನ ಹಿಂದೆಯೇ ಓಡಿ ಬಂದಿದ್ದರಂತೆ. ಕಾಲಲ್ಲಿ ಶಕ್ತಿ ಇಲ್ಲದೆ ಸಾಲಿನಲ್ಲೇ ಕುಸಿದು ಕುಳಿತಿದ್ದರು. ಆಸರೆಗೆಂದು ನನ್ನ ಸೆರಗು ಹಿಡಿದಿದ್ದರು, ಅಷ್ಟೇ. ಅವರ ಭಾರಕ್ಕೆ ನಾನೂ ಧೊಪ್ಪೆಂದು ಕುಳಿತೆ. ಬಿಡಿಸಿಕೊಂಡು ಏಳಬೇಕೆನ್ನುವಷ್ಟರಲ್ಲಿ ಅವರು, "ಒಂದ್ ಗಳಿಗಿ ತಡಿ ಬೇ, ಉಸಿರ್ ಹಿಡಿಯಾಕ ಬರವಲ್ದು" ಎಂದರು. ಹಾಗೆ ಬಿಟ್ಟು ಹೋಗುವುದು ಹೇಗೆ? ಕುಳಿತೆ. ಅಷ್ಟು ಹೊತ್ತು ನನ್ನ ಕೂಗೂ ನಿಂತಿತು.

ಕುಳಿತಾಗ ನನ್ನ ತಲೆ ಮಲ್ಲುವಿನ ತಲೆಯಷ್ಟೇ ಎತ್ತರದಲ್ಲಿತ್ತು. ಇಷ್ಟು ಹೊತ್ತು ಓಡಾಡಿದ ಹೊಲವೇ ಅದು ಎಂದು ಹೇಳಲಾಗಲಿಲ್ಲ. ಎಲೆ ಇಲ್ಲ, ತೆನೆ ಇಲ್ಲ. ಎತ್ತ ನೋಡಿದರತ್ತ ಬರೀ ದಂಟು, ಎಲ್ಲ ಒಂದೇ ತರಹ. ಮೇಲೆ ಆಕಾಶದ ಒಂದು ಗೀರು. ಮನೆ ಯಾವ ಕಡೆ, ಬಾವಿ ಯಾವ ಕಡೆ, ಒಂದೂ ತಿಳಿಯದು. ಕೂಗು ಮಾತ್ರ ಕೇಳುತ್ತಿತ್ತು. ಆದರೆ ಅದರಲ್ಲಿ ಮಾತು ಇರಲಿಲ್ಲ. ಎಲೆಗಳ ಸದ್ದಿನಲ್ಲಿ ಹೆಸರಿನ ಮೊದಲು ಮುಳುಗಿಹೋಗಿ, ಎಳೆದು ಕೂಗಿದ ಕೊನೆ ಮಾತ್ರ ಬರುತ್ತಿತ್ತು.

ಓಽಽ. ಓಽಽ. ಹಿಂದಿನಿಂದ ಓಽಽ. ಎಡದಿಂದ ಓಽಽ.

ಇದು ಹಕ್ಕಿ ಓಡಿಸುವ ಕೂಗು. ಅವನಿಗೆ ಮಧ್ಯಾಹ್ನವೆಲ್ಲ ಕಲಿಸಿದ ಕೂಗು. ಹೋಽಽ ಅಂದರೆ ಹಾರಬೇಕು, ಹಿಂದೆ ನೋಡುವಂತಿಲ್ಲ. ನಾವು ಇಷ್ಟು ಜನ ಸೇರಿ ಆ ಕೂಸನ್ನು ಕರೆಯುತ್ತಿದ್ದೇವೆಂದು ತಿಳಿದು ಓಡಿಸುತ್ತಿದ್ದೆವು. ಎಲ್ಲರಿಗಿಂತ ದೂರ ಓಡಿಸಿದವಳು ನಾನೇ ಇರಬೇಕು. ಅವನು ಬಾವಿಗೆ ಇನ್ನೂ ಬಿದ್ದಿಲ್ಲದಿದ್ದರೆ, ಇನ್ನೊಂದು ಕೂಗಿಗೆ ಬೀಳಬಹುದು.

"ಅತ್ತೀ, ಇವರ್ನ ಒದರೋದು ಬಿಡಸ್ಬೇಕ್ರಿ. ಅಂವಾ ಆಟ ಅಂತ ತಿಳಕೊಂಡಾನ್ರಿ, ಗುಬ್ಬಿ ಆಗ್ಯಾನ್ರಿ!"

ಅತ್ತೆ ನನ್ನ ಮುಖ ನೋಡಿದರು. ಅವರಿಗೆ ಎರಡನೆಯ ಸಲ ಹೇಳಬೇಕಾಗಲಿಲ್ಲ. "ನಿಮ್ಮ ಮಾವಗ ಹೇಳ ಹೋಗು. ಅಟ್ಟದ ಮ್ಯಾಲಿಂದ ಅವರು ಹೇಳಿದ್ರ ಮಂದಿ ಕೇಳ್ತಾರ."

ಈಗಿನವರಿಗೆ ಇದು ನಗು ತರಿಸಬಹುದು. ನಾನು ಆ ಮನೆಗೆ ಬಂದು ಅಷ್ಟು ವರ್ಷವಾದರೂ ಮಾವನವರ ಜೊತೆ ಒಂದು ಮಾತಾಡಿದವಳಲ್ಲ. ಅವರು ಬಂದರೆ ಸೆರಗು ಮುಖದ ಮೇಲೆ, ನಾನು ಗೋಡೆಯ ಮರೆಗೆ. ಏನಾದರೂ ಹೇಳಬೇಕಿದ್ದರೆ ಅತ್ತೆಗೆ ಹೇಳುವುದು, ಇಲ್ಲವೆ ಮಲ್ಲುವಿನ ಕೈಯಲ್ಲಿ ಹೇಳಿಕಳಿಸುವುದು. ಹೇಳಿಕಳಿಸಲು ಈಗ ಮಲ್ಲು ಎಲ್ಲಿದ್ದಾನೆ?

"ನಾ ಹ್ಯಾಂಗ ಮಾತಾಡ್ಲಿ ಅತ್ತಿ, ಮಾವಾರ ಜೋಡಿ?"

"ದೇವ್ರು ಬಾಯಿ ಕೊಟ್ಟಾನಲ್ಲ, ಅದರಿಂದ!" ಎಂದರು ಅತ್ತೆ. ನನ್ನ ಬಾಯಿಯ ಬಗ್ಗೆ ಅವರು ಆಡಿದ ಮೊದಲ ಒಳ್ಳೆಯ ಮಾತು ಅದು.

ಓಡಿದೆ. ಅಟ್ಟದ ಏಣಿ ಹತ್ತಿದೆ. ಸೆರಗು ತಲೆಯ ಮೇಲಿದೆಯೋ ಇಲ್ಲವೋ ನನಗೆ ಖಬರಿಲ್ಲ. ಮಾವನವರು ಕೈಯಲ್ಲಿ ಕವಣೆ ಹಿಡಿದು, ಬಾಯಿಗೆ ಕೈ ಅಡ್ಡ ಮಾಡಿಕೊಂಡು ಕೂಗುತ್ತಿದ್ದರು. ನಾನು ಎದುರಿಗೆ ನಿಂತದ್ದು ಕಂಡು ಬೆಚ್ಚಿಬಿದ್ದರು.

"ಮಾವಾರ, ಒದರಬ್ಯಾಡ್ರಿ. ನಿಮ್ಮ ಮೊಮ್ಮಗಾ ಇನ್ನಾ ಗುಬ್ಬಿನೇ ಆಗ್ಯಾನ್ರಿ. ಹೋ ಅಂದಷ್ಟೂ ಓಡ್ತಾನ್ರಿ. ಎಲ್ಲಾರ್ನೂ ಸುಮ್ಮನಿರಸ್ರಿ."

ಮಧ್ಯಾಹ್ನದ ಆಟ ನೆನಪಾದದ್ದು ಅವರ ಕಣ್ಣಲ್ಲೇ ನನಗೆ ಕಂಡಿತು. ಮುಖ ಬಾಡಿಹೋಯಿತು. ಸುಮ್ಮನಿರಿ ಎಂದು ಹೇಳಲು ಬಾಯಿ ತೆರೆದವರು ತಡೆದರು. ಸುಮ್ಮನಿರಿ ಎಂದು ಅಷ್ಟು ದೊಡ್ಡ ಹೊಲಕ್ಕೆ ಹೇಳಬೇಕಾದರೆ ಅದನ್ನೂ ಕೂಗಿಯೇ ಹೇಳಬೇಕು! ಒಂದು ಕ್ಷಣ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದೆವು. ಆಮೇಲೆ ಅವರು ಎರಡೂ ಕೈಯೆತ್ತಿ ತಲೆಯ ರುಮಾಲು ತೆಗೆದರು. ತೆಗೆದು, ಎಲ್ಲರಿಗೂ ಕಾಣುವ ಹಾಗೆ ಎತ್ತಿ ಹಿಡಿದು, ಕೆಳಗೆ ಇಳಿಸಿದರು.

ನಮ್ಮ ಕಡೆ ಹಿರಿಯರು ಮಂದಿಯ ಮುಂದೆ ಬರಿದಲೆಯಾಗುವುದು ಸಾವಿನ ಹೊತ್ತಿನಲ್ಲಿ ಮಾತ್ರ. ಹತ್ತಿರದಲ್ಲಿದ್ದವರು ಮೊದಲು ಕಂಡರು. ಅವರು ನಿಂತರು. ಅವರು ನಿಂತದ್ದು ಕಂಡು ಆಚೆಯವರು ತಲೆಯೆತ್ತಿ ನೋಡಿದರು. ಕೂಗುಗಳು ಒಂದೊಂದಾಗಿ ನಿಂತುಹೋದವು. ಮುಗಿಯಿತು, ಬಾವಿಯಲ್ಲಿ ಸಿಕ್ಕಿತು ಎಂದು ಎಲ್ಲರೂ ತಿಳಿದರು. ಬಾವಿಯೊಳಗೆ ಮೂರು ಸಲ ಮುಳುಗಿ ಏನೂ ಸಿಗದೆ ಮೆಟ್ಟಿಲು ಹತ್ತಿ ಬಂದ ನಮ್ಮ ಮನೆಯವರು ಕೂಡ ಅಪ್ಪನ ಬರಿದಲೆ ಕಂಡು, ಹೊಲದಲ್ಲೆಲ್ಲೋ ಕೂಸಿನ ಹೆಣ ಸಿಕ್ಕಿತೆಂದು ತಿಳಿದು, ಅದೇ ಮೆಟ್ಟಿಲ ಮೇಲೆ ಕುಳಿತುಬಿಟ್ಟರಂತೆ.

ಅಷ್ಟು ಜನ ಇದ್ದೂ ಒಂದು ಕೆಮ್ಮಿಲ್ಲ.

ಮೇಲಿಂದ ನೋಡಿದೆ. ಎಲ್ಲರೂ ನಿಂತರಲ್ಲ, ಈಗ ಯಾವ ತೆನೆ ಅಲುಗುತ್ತದೋ ಅಲ್ಲಿ ನನ್ನ ಮಗ ಎಂದುಕೊಂಡೆ. ನೋಡಿದೆ, ನೋಡಿದೆ. ಒಂದು ತೆನೆಯೂ ಅಲುಗಲಿಲ್ಲ. ಮಾವನವರು ರುಮಾಲನ್ನು ಎದೆಗೆ ಒತ್ತಿಕೊಂಡು ನಿಂತಿದ್ದರು. ಹೊತ್ತು ಹೊಳೆಯ ಆಚೆ ಮುಳುಗಲು ಬಂದಿತ್ತು. ಗಂಟಲಿನೊಳಗೆ ಕೂಗು ಉಬ್ಬಿ ಬಂತು. ಕೂಗಿದ್ದರೆ ಏನಾಗುತ್ತಿತ್ತೋ! ಸೆರಗು ಬಾಯಿಗೆ ತುರುಕಿಕೊಂಡೆ.

ನನ್ನ ಮಗ ಎಲ್ಲಿ ಹೋದ ಎಂದು ಅಲ್ಲಿಯ ತನಕ ಕೇಳಿಕೊಳ್ಳುತ್ತಿದ್ದೆ. ಆ ಪ್ರಶ್ನೆಗೆ ಉತ್ತರವಾಗಿ ಬಾವಿ ಒಂದೇ ಕಣ್ಣ ಮುಂದೆ ಬರುತ್ತಿತ್ತು. ಮತ್ತೆ ಮನಸ್ಸಿನಲ್ಲಿ ಆ ಸಾಲಿನೊಳಗೆ ಕುಳಿತುಕೊಂಡೆ. ನಾನು ಗುಬ್ಬಿ. ನಾಲ್ಕೂ ಕಡೆಯಿಂದ ಹೋಽಽ ಎನ್ನುತ್ತಿದ್ದಾರೆ. ಹಾರಿ ಹಾರಿ ದಣಿದಿದ್ದೇನೆ. ಎಲ್ಲಿಗೆ ಹೋಗಲಿ?

ಕಣ್ಣು ತಾನಾಗಿ ಮೂಡಲ ಮೂಲೆಗೆ ಹೋಯಿತು. ಹೊಲದಿಂದ ಎದ್ದ ಗುಬ್ಬಿಯ ಹಿಂಡೆಲ್ಲ ಅಲ್ಲಿಯೇ ಇಳಿದಿತ್ತು. ಆದರೆ ಆ ಮೂಲೆಯ ಒಂದು ಜಾಗದಲ್ಲಿ ಮಾತ್ರ ಕೂರದೆ, ಎದ್ದು, ಸುತ್ತಿ, ಪಕ್ಕಕ್ಕೆ ಇಳಿಯುತ್ತಿತ್ತು. ಅಲ್ಲಿ ಏನೋ ಇದೆ.

ಅಟ್ಟ ಇಳಿದೆ. ಅತ್ತೆ ಅಷ್ಟರಲ್ಲಿ ಏಣಿಯ ಬುಡಕ್ಕೆ ಬಂದಿದ್ದರು. ನಾನು ಕೈ ಮಾಡಿ ಮೂಲೆ ತೋರಿಸಿದೆ. ಅವರು ಬಾಯಿಯ ಮೇಲೆ ಬೆರಳಿಟ್ಟು ನನ್ನ ಕೈ ಹಿಡಿದುಕೊಂಡರು. ಇಬ್ಬರೂ ನಡೆದೆವು. ಓಡಬಾರದು, ಕೂಗಬಾರದು, ದಂಟು ಮುರಿಯಬಾರದು. ನನ್ನ ಜೀವಮಾನದಲ್ಲಿ ನಾನು ನಾಲ್ಕು ಹೆತ್ತಿದ್ದೇನೆ. ಆ ನಡಿಗೆಯಷ್ಟು ಕಷ್ಟವಾದದ್ದು ಯಾವುದೂ ಇಲ್ಲ. ಅತ್ತೆಯ ಉಗುರು ನನ್ನ ಅಂಗೈಗೆ ನೆಟ್ಟಿತ್ತು. ಆ ನೋವಿನಿಂದಲೇ ಅವರಿಗೂ ಎಷ್ಟು ಭಯವಾಗಿದೆ ಎಂದು ನನಗೆ ತಿಳಿದದ್ದು. ಅಲ್ಲಿಯ ತನಕ ಕೂಗದವರಿಗೆ ಭಯವೇ ಇಲ್ಲವೆಂದು ನಾನು ತಿಳಿದಿದ್ದೆ.

ಗುಬ್ಬಿ ಪಾಲಿನ ಅಂಚಿಗೆ ಬಂದು ಇಬ್ಬರೂ ಮಂಡಿಯೂರಿ ಕುಳಿತೆವು.

ಗಡಿಗೆತಳದ ಪಕ್ಕದಲ್ಲಿ ಮಲ್ಲು ಕುಕ್ಕರುಗಾಲಲ್ಲಿ ಕುಳಿತಿದ್ದ. ಕೈಗಳು ಎರಡೂ ಪಕ್ಕಕ್ಕೆ ಅಂಟಿಕೊಂಡಿದ್ದವು, ರೆಕ್ಕೆ ಮುಚ್ಚಿದ ಹಾಗೆ. ಕೂಳೆ ಚುಚ್ಚಿ ಅಂಗಾಲಿನಿಂದ ರಕ್ತ ಬಂದಿತ್ತು. ಕೆನ್ನೆಯ ಮೇಲೆ ಕಣ್ಣೀರು ಒಣಗಿತ್ತು. ನನ್ನನ್ನು ಕಂಡವನೇ ತುಟಿಯ ಮೇಲೆ ಬೆರಳಿಟ್ಟ.

"ಅವ್ವಾ," ಎಂದ ಪಿಸುಮಾತಿನಲ್ಲಿ, "ಇಲ್ಲಿ ಹೋ ಅನ್ನಂಗಿಲ್ಲ."

ಎತ್ತಿಕೊಂಡು ಎದೆಗೆ ಒತ್ತಿಕೊಂಡೆ. ಅತ್ತೆ ನಮ್ಮಿಬ್ಬರನ್ನೂ ಸೇರಿಸಿ ಹಿಡಿದು, ಸದ್ದು ಮಾಡದೆ, ಮೈಯೆಲ್ಲ ಕುಲುಕುವ ಹಾಗೆ ಅತ್ತರು.

ಆಮೇಲಿನದು ಗದ್ದಲ, ಅಳು, ನಗು. ಮಾವನವರಿಗೆ ರುಮಾಲು ಮತ್ತೆ ಸುತ್ತಿಕೊಳ್ಳಲು ಬರಲಿಲ್ಲ, ಬೀಗರು ಸುತ್ತಿದರು. ಮರುದಿನದಿಂದ ನಾನು ಮತ್ತೆ ಸೆರಗಿನ ಮರೆಗೆ ಹೋದೆ. ಅವರು ಮಾತ್ರ ಊಟಕ್ಕೆ ಬಂದಾಗೆಲ್ಲ ಮೊಮ್ಮಗನಿಗೆ, "ನಿಮ್ಮವ್ವಗ ಹೇಳಪಾ, ಮುದಿ ಗುಬ್ಬಿ ಕಾಳಿಗೆ ಬಂದದ ಅಂತ" ಎನ್ನುವರು. ಒಳಗೆ ನಾನೂ ಅತ್ತೆಯೂ ಸೆರಗು ಕಚ್ಚಿಕೊಂಡು ನಗುವೆವು. ಗುಬ್ಬಿ ಪಾಲಿನ ಬಗ್ಗೆ ನಾನು ಮತ್ತೆ ತಕರಾರು ತೆಗೆಯಲಿಲ್ಲ.

ಈ ಕಥೆಯನ್ನು ನಾನು ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ಹೇಳಿ ಹೇಳಿ ಅದರ ಭಯವೆಲ್ಲ ಉದುರಿಹೋಗಿ, ಬರೀ ನಗುವ ಕಥೆಯಾಗಿ ಉಳಿದಿತ್ತು. ಶಾಂತಾ ಸೊಸೆಯಾಗಿ ಬಂದ ಹೊಸದರಲ್ಲಿ ಕೇಳಿ, ಗಂಡನಿಗೆ ಗುಬ್ಬಿ ಎಂದೇ ಹೆಸರಿಟ್ಟಿದ್ದಳು. "ಗುಬ್ಬಿಗೆ ಚಾ ಆಗ್ಯಾದ ನೋಡ್ರಿ" ಎಂದು ಅಡಿಗೆಮನೆಯ ಕಿಟಕಿಯಿಂದ ಮೆಲ್ಲಗೆ ಕರೆಯುವಳು. ಅವಳದೂ ಸಣ್ಣ ದನಿಯೇ.

ಇವತ್ತು ಅರ್ಧ ಕೂಗು ಬಾಯಲ್ಲಿಟ್ಟುಕೊಂಡು ಆ ಕಿಟಕಿಯಲ್ಲಿ ನಿಂತಾಗ, ನಾನು ಎಲ್ಲಿ ನಿಂತಿದ್ದೇನೆ ಎಂದು ನನಗೇ ತಿಳಿಯಿತು. ದೀಪಾವಳಿಯಿಂದ ಈಚೆಗೆ ಎಲ್ಲ ಕಡೆಯಿಂದಲೂ ಅವನ ಮೇಲೆ ಕೂಗುತ್ತಿದ್ದೇವೆ. ಉಣ್ಣು ಎಂದು ನಾನು. ವಾಕಿಂಗ್ ಹೋಗು ಅಪ್ಪಾ ಎಂದು ಕಲಬುರಗಿಯಿಂದ ಫೋನಿನಲ್ಲಿ ಅವನ ಮಗಳು. ಗಟ್ಟಿಯಾಗಿರಬೇಕು ಎಂದು ಬಂದುಹೋದವರು. ಎಲ್ಲವೂ ಒಳ್ಳೆಯ ಮಾತೇ. ಅವನು ಕುಳಿತ ಜಾಗಕ್ಕೆ ಅದರಲ್ಲಿ ಎಷ್ಟು ಮಾತು ತಲುಪಿತೋ, ಎಷ್ಟು ಬರೀ ಓಽಽ ಎಂದು ಕೇಳಿತೋ!

ಪಕ್ಕದ ಮನೆಯವರು ಒಂದು ತಟ್ಟೆ ಸೀತನಿ ಕೊಟ್ಟು ಹೋದರು. ಅದನ್ನು ಹಿಡಿದುಕೊಂಡು ಹಿತ್ತಲಿಗೆ ಹೋದೆ. ನನ್ನ ಮಂಡಿಗಳು ಕೂರಲು ಒಪ್ಪುವ ವಯಸ್ಸಲ್ಲ. ಗಿಡ ಹಿಡಿದು, ಕಲ್ಲು ಹಿಡಿದು, ಅಯ್ಯೋ ಅಪ್ಪಾ ಎನ್ನುತ್ತ ಹೇಗೋ ಅವನ ಪಕ್ಕದಲ್ಲಿ ಕುಳಿತೆ. ಅವನು ನೋಡುವ ಕಡೆಗೇ ನೋಡಿದೆ.

ಎದುರಿಗೆ ಅಡಿಗೆಮನೆಯ ಕಿಟಕಿ. ಆ ಕಲ್ಲಿನ ಮೇಲೆ ಕುಳಿತರೆ ಬೇರೇನೂ ಕಾಣುವುದಿಲ್ಲ. ಶಾಂತಾ ನಿಲ್ಲುತ್ತಿದ್ದ ಕಿಟಕಿ. ಅವನು ಇಷ್ಟು ದಿನ ಅದನ್ನೇ ನೋಡುತ್ತ ಕುಳಿತಿದ್ದ. ಅಲ್ಲಿ ಹೊತ್ತು ಹೊತ್ತಿಗೆ ಕಾಣುತ್ತಿದ್ದುದು ಬಾಯಿ ತೆರೆದ ನನ್ನ ಮುಖ.

ನನಗೆ ಅಳು ಬಂತು. ನುಂಗಿಕೊಂಡು ಕಾಳಿನಲ್ಲಿ ಉಳಿದ ಹೊಟ್ಟು ಆರಿಸುತ್ತ ಕುಳಿತೆ. ಅವನು ಒಮ್ಮೆ ತಿರುಗಿ ನೋಡಿದ. ಮತ್ತೆ ಕಿಟಕಿಯ ಕಡೆ ನೋಡಿದ.

"ಯಾಕವ್ವಾ," ಎಂದ ಕಡೆಗೆ, "ಇವತ್ತ್ ಒದರಲೇ ಇಲ್ಲ?"

"ಇಲ್ಲಿ ಹೋ ಅನ್ನಂಗಿಲ್ಲಪಾ" ಎಂದೆ.

ತಲೆ ಬಗ್ಗಿಸಿದ. ನಾಲ್ಕು ವರ್ಷದ ಹುಡುಗನ ಹಾಗೆ ಬಿಕ್ಕಿ ಬಿಕ್ಕಿ ಅತ್ತ. ನಾನು ಸುಮ್ಮನಿರು ಎನ್ನಲಿಲ್ಲ, ಬೆನ್ನ ಮೇಲೆ ಕೈಯಿಟ್ಟುಕೊಂಡು ಕುಳಿತೆ. ಅತ್ತಾದ ಮೇಲೆ ಮೂಗು ಒರೆಸಿಕೊಂಡು, ಕಿಟಕಿಯಿಂದ ಕಣ್ಣು ತೆಗೆಯದೆ, ನನ್ನ ಕಡೆ ಅಂಗೈ ಚಾಚಿದ. ಒಂದು ಹಿಡಿ ಸೀತನಿ ಹಾಕಿದೆ. ತಿಂದ. ಕತ್ತಲಾಯಿತು. ಆ ಕಿಟಕಿಯಲ್ಲಿ ದೀಪ ಹಚ್ಚುವವರು ಯಾರೂ ಇರಲಿಲ್ಲ. ನಾವಿಬ್ಬರೂ ಅಲ್ಲೇ ಕುಳಿತಿದ್ದೆವು.